ಯುರೋಪಿಗಿಂತ ಉದ್ದದ ಹಾರಾಟ, ಹಗರಿಬೊಮ್ಮನಹಳ್ಳಿಯವರೆಗೆ

ಪೋರ್ಚುಗಲ್ಲಿನ ಲಿಸ್ಬನ್ ಯುರೋಪಿನ ಒಂದು ಮೂಲೆ, ಫಿನ್ಲೆಂಡಿನ ಹೆಲ್ಸಿಂಕಿ ಇನ್ನೊಂದು ಮೂಲೆ. ನಡುವೆ ಸುಮಾರು 3,360 ಕಿ.ಮೀ. ವಿಮಾನಕ್ಕೆ ಐದು ಗಂಟೆಯೊಳಗಿನ ದಾರಿ. ಒಂದು ಖಂಡವನ್ನೇ ಓರೆಯಾಗಿ ದಾಟುವ ಈ ಅಂತರಕ್ಕಿಂತಲೂ ದೂರ ಹಾರಿ, ಚಳಿಗಾಲಕ್ಕೆ ನಮ್ಮ ಸೀಮೆಗೆ ಬಂದಿಳಿಯುವ ಹಕ್ಕಿಗಳಿವೆ.

ಪಟ್ಟೆತಲೆ ಹೆಬ್ಬಾತನ್ನೇ ನೋಡಿ. ಮಂಗೋಲಿಯಾದ ತೆರ್ಹಿಯಿನ್ ಸಾಗಾನ್ ಸರೋವರದಲ್ಲಿ ಇವುಗಳಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ವಿಜ್ಞಾನಿಗಳು ದಾರಿ ಪತ್ತೆಹಚ್ಚಿದ್ದಾರೆ. ಆ ಸರೋವರದಿಂದ ಹಗರಿಬೊಮ್ಮನಹಳ್ಳಿ ಕಡೆಯ ತುಂಗಭದ್ರೆಯ ಹಿನ್ನೀರಿಗೆ ನೇರ ಗೆರೆ ಎಳೆದರೂ ಸುಮಾರು 4,250 ಕಿ.ಮೀ. ಲಿಸ್ಬನ್‌ನಿಂದ ಹೆಲ್ಸಿಂಕಿ ಮುಟ್ಟಿದ ಮೇಲೆ ಕೊಟ್ಟೂರಿನಿಂದ ಬೆಂಗಳೂರಿಗೆ ಹೋಗಿ, ಬಂದು, ಮತ್ತೆ ಹೋದಷ್ಟು ದಾರಿ ಇನ್ನೂ ಬಾಕಿ!

ವಿಮಾನ ಗಂಟೆಗೆ 800 ಕಿ.ಮೀ. ಮೀರಿ ಓಡುತ್ತದೆ. ಎರಡು ಮೂರು ಕಿಲೋ ತೂಗುವ ಈ ಹೆಬ್ಬಾತಿನ ವೇಗ 60ರ ಆಸುಪಾಸು. ಎಲ್ಲೂ ಇಳಿಯದೆ ರೆಕ್ಕೆ ಬಡಿದರೂ 70 ಗಂಟೆ, ಅಂದರೆ ಹತ್ತಿರಹತ್ತಿರ ಮೂರು ಹಗಲು ಮೂರು ರಾತ್ರಿ. ಆದರೆ ಅದು ಒಂದೇ ದಮ್ಮಿಗೆ ಬರುವುದಿಲ್ಲ. ಟಿಬೆಟ್ಟಿನ ಕೆರೆಗಳಲ್ಲಿ ತಂಗಿ, ಮೇಯ್ದು, ಮೈಯಲ್ಲಿ ಕೊಬ್ಬು ತುಂಬಿಕೊಂಡು ವಾರಗಟ್ಟಲೆ ಪಯಣ ಮಾಡುತ್ತದೆ.

ನಡುವೆ ಹಿಮಾಲಯ. ಅಲ್ಲಿ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಲ್ಲಿ ಸಿಗುವುದರ ಅರ್ಧವೂ ಅಲ್ಲ. ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಇದರ ರಕ್ತದಲ್ಲಿದೆ. ವಸಂತದಲ್ಲಿ ಮರಳುವಾಗಿನ ಏರು ಇನ್ನೂ ಕಠಿಣ: ತಪ್ಪಲಿನಿಂದ ಹೊರಟು ಏಳೆಂಟು ಗಂಟೆಯಲ್ಲಿ ಪರ್ವತ ದಾಟಿಬಿಡುತ್ತವೆ. ಕಣಿವೆಯಿಂದ ಮೇಲಕ್ಕೆ ಬೀಸುವ ಹಗಲಿನ ಗಾಳಿಯನ್ನು ಕಾಯುವುದಿಲ್ಲ. ಗಾಳಿ ತಣ್ಣಗೆ, ದಟ್ಟವಾಗಿರುವ ರಾತ್ರಿ ಮತ್ತು ಬೆಳಗಿನ ಜಾವವನ್ನೇ ಆರಿಸಿಕೊಳ್ಳುತ್ತವೆ. ರೆಕ್ಕೆಯ ಬಲವೊಂದನ್ನೇ ನಂಬಿ ಇಷ್ಟು ಏರುವುದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಯುರೋಪಿನ ಕಡೆಯವೂ ಉಂಟು. ಜೋಳದ ಹೊಲಕ್ಕೆ ದಂಡಾಗಿ ಮುಗಿಬೀಳುವ, ರೈತರು ಕವಣೆ ಬೀಸಿ ಓಡಿಸುವ ಗುಲಾಬಿ ಕಬ್ಬಕ್ಕಿಗಳು ಮರಿ ಮಾಡುವ ನಾಡು ರುಮೇನಿಯಾದ ಕಪ್ಪು ಸಮುದ್ರದ ತೀರದಿಂದ ಮಧ್ಯ ಏಷ್ಯಾದವರೆಗೆ ಹಬ್ಬಿದೆ. ಆ ತೀರದಿಂದ ಕೊಟ್ಟೂರಿಗೆ ಐದೂವರೆ ಸಾವಿರ ಕಿ.ಮೀ. ಹಕ್ಕಿಯ ತೂಕ ನೂರು ಗ್ರಾಂ ಕೂಡ ಇಲ್ಲ. ತೆನೆ ಕಳೆದುಕೊಂಡ ರೈತನ ಸಿಟ್ಟು ನ್ಯಾಯವೇ. ಆದರೆ ಮರಿಗಳಿಗೆ ಈ ಹಕ್ಕಿ ತಿನ್ನಿಸುವುದು ಮಿಡತೆ, ಹುಳ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಶತಮಾನಗಳ ಹಿಂದೆ ಹೊಲಗಳಿಗೆ ನೀರುಣಿಸಲು ಕಟ್ಟಿದ ಕೆರೆ. ವಿಸ್ತೀರ್ಣ 98.76 ಹೆಕ್ಟೇರ್, ಅಂದರೆ 244 ಎಕರೆ. ಅಷ್ಟರಲ್ಲಿ 240 ಜಾತಿಯ ಹಕ್ಕಿಗಳು! ನೀರಲ್ಲೇ ನಿಂತ ಜಾಲಿ ಮರಗಳಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರಹಕ್ಕಿಗಳೇ 30,000 ಮೀರುತ್ತವೆ. ಬಣ್ಣದ ಕೊಕ್ಕರೆಯ ಒಟ್ಟು ಸಂತತಿಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಈ ಒಂದು ಕೆರೆಯಲ್ಲಿದೆ. 2024ರ ಜನವರಿಯಲ್ಲಿ ಇದು ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜೊತೆಗೆ ಸೇರಿದ್ದು, ಹೆಬ್ಬಾತುಗಳಿಗೇ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ. ಇಂಥ ಊರ ಕೆರೆಗಳಲ್ಲಿ ನೀರು ನಿಲ್ಲದಿದ್ದರೆ ಅಷ್ಟು ದೂರದ ಪಯಣಕ್ಕೆ ಈ ಕಡೆಯ ನಿಲ್ದಾಣವೇ ಇಲ್ಲ. ಹೂಳು, ಒತ್ತುವರಿ ಎಂದಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡಿಸೆಂಬರ್, ಜನವರಿಯಲ್ಲಿ ಹಿನ್ನೀರಿನ ಕಡೆ ಹೋದರೆ ಹೆಬ್ಬಾತುಗಳ ತಲೆ ಗಮನಿಸಿ. ದೊಡ್ಡ ಹಕ್ಕಿಯ ಬಿಳಿ ತಲೆಗೆ ಎರಡು ಕಪ್ಪು ಪಟ್ಟೆ ಇರುತ್ತವೆ. ಪಟ್ಟೆ ಇನ್ನೂ ಸರಿಯಾಗಿ ಮೂಡದೆ, ತಾಯಿತಂದೆಯ ಪಕ್ಕದಲ್ಲೇ ಮೇಯುತ್ತಿರುವುದು ಆ ವರ್ಷದ ಮರಿ. ಬೇಸಿಗೆಯಲ್ಲಷ್ಟೇ ಮೊಟ್ಟೆಯೊಡೆದು ಬಂದದ್ದು, ಆಗಲೇ ಒಮ್ಮೆ ಹಿಮಾಲಯ ದಾಟಿದೆ.