ಮೆಚ್ಚಿದ ಹಾಡನ್ನು ಹಳಿದರೆ ಅಭಿಮಾನಿ ಏಕೆ ಕೆರಳುತ್ತಾನೆ?

1967ರ ಜೂನ್ 18, ಭಾನುವಾರ. ಅಂದಿನ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ಯುವ ವಿಮರ್ಶಕರು ಬೀಟಲ್ಸ್ ತಂಡದ ಹೊಸ ಆಲ್ಬಮ್ 'ಸಾರ್ಜೆಂಟ್ ಪೆಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಬಗ್ಗೆ ಬರೆದಿದ್ದರು. ಆಲ್ಬಮ್ ಅಂಗಡಿಗೆ ಬಂದು ಎರಡು ವಾರವಾಗಿತ್ತಷ್ಟೇ. ಜನ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಗೋಲ್ಡ್‌ಸ್ಟೀನ್ ಅವರಿಗೆ ಮಾತ್ರ ಹಿಡಿಸಲಿಲ್ಲ. ಸ್ಟುಡಿಯೋ ಚಮತ್ಕಾರ ಅತಿಯಾಗಿ ಹಾಡುಗಳ ಜೀವ ಸೊರಗಿದೆ ಎಂಬುದು ಅವರ ತಕರಾರು. ಕೊನೆಯ ಹಾಡು 'ಎ ಡೇ ಇನ್ ದ ಲೈಫ್' ಅನ್ನು ಅವರು ಮನಸಾರೆ ಹೊಗಳಿದ್ದರೂ ಅದು ಉಪಯೋಗಕ್ಕೆ ಬರಲಿಲ್ಲ. ಸಿಟ್ಟಿನ ಪತ್ರಗಳು ರಾಶಿರಾಶಿಯಾಗಿ ಪತ್ರಿಕೆಯ ಕಚೇರಿಗೆ ಬಂದು ಬಿದ್ದವು. ಮುಂದಿನ ತಿಂಗಳು ಅವರು 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಸಮರ್ಥನೆ ಬರೆಯಬೇಕಾಯಿತು.

ಯಾರೋ ಚೆನ್ನಾಗಿಲ್ಲ ಎಂದ ಮಾತ್ರಕ್ಕೆ ನಮ್ಮ ಮನೆಯಲ್ಲಿರುವ ರೆಕಾರ್ಡಿನ ಒಂದು ಸ್ವರವೂ ಬದಲಾಗುವುದಿಲ್ಲ. ಆದರೂ ರಾಕ್ ಅಭಿಮಾನಿಗೆ ಆ ಮಾತು ತನ್ನ ಮೈಮೇಲೆಯೇ ಬಿದ್ದ ಏಟು. ಇದನ್ನು ಹುಚ್ಚು ಅಭಿಮಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಸಿಟ್ಟಿನ ಬೇರು ಮೆದುಳಿನಲ್ಲಿ ಆಳಕ್ಕೆ ಇಳಿದಿದೆ.

ಕೆನಡಾದ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಆ್ಯನ್ ಬ್ಲಡ್ ಮತ್ತು ರಾಬರ್ಟ್ ಝಟೋರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸಂಗೀತ ಕೇಳುವಾಗ ಮೈ ಜುಮ್ಮೆನ್ನುವ ಹತ್ತು ಜನರನ್ನು ಆರಿಸಿಕೊಂಡು, ಅವರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ ಅವರವರೇ ತಂದ ಸಂಗೀತವನ್ನು ಕೇಳಿಸಿದರು. ರೋಮಾಂಚನವಾದಾಗ ಊಟ, ಲೈಂಗಿಕ ಸುಖ, ಮಾದಕ ವಸ್ತುಗಳಿಗೆ ಸ್ಪಂದಿಸುವ ಮೆದುಳಿನ ಭಾಗಗಳೇ ಚುರುಕಾದವು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಪ್ರಯೋಗದ ಇನ್ನೊಂದು ಭಾಗ: ಒಬ್ಬರ ಮೈ ಜುಮ್ಮೆನ್ನಿಸಿದ ಸಂಗೀತವನ್ನೇ ಇನ್ನೊಬ್ಬರಿಗೆ ಹೋಲಿಕೆಗೆಂದು ಕೇಳಿಸಿದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಸ್ವರಗಳು ಅವೇ, ಕಿವಿ ಮಾತ್ರ ಬೇರೆ. ವಿಮರ್ಶಕ ಮತ್ತು ಅಭಿಮಾನಿಯ ಜಗಳದ ಮೂಲ ಇಲ್ಲೇ ಇದೆ.

ಅದೇ ಪ್ರಯೋಗಾಲಯದ ವಾಲರಿ ಸಲಿಂಪೂರ್ 2011ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೋಮಾಂಚನದ ಗಳಿಗೆಯಲ್ಲಿ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದಕ್ಕೂ ಮೊದಲೇ, 'ಇಗೋ ಬಂತು' ಎಂದು ಮನಸ್ಸು ಕಾಯುವಾಗ, ಮೆದುಳಿನ ಇನ್ನೊಂದು ಭಾಗದಲ್ಲೂ ಅದೇ ಆಗುತ್ತದೆ. ಅಂದರೆ ಸುಖದ ಅರ್ಧ ಪಾಲು ನಿರೀಕ್ಷೆಯದು, ಮತ್ತು ನಿರೀಕ್ಷೆ ಹುಟ್ಟಬೇಕಾದರೆ ಮುಂದೇನು ಬರುತ್ತದೆಂಬ ಅಂದಾಜು ಇರಬೇಕು.

ಹಾಗಿದ್ದರೆ ಹಿಂದೆಂದೂ ಕೇಳದ ಹಾಡು ಹೇಗೆ ಹಿಡಿಸುತ್ತದೆ? 2013ರಲ್ಲಿ ಸಲಿಂಪೂರ್ ಮತ್ತು ಸಂಗಡಿಗರು 19 ಜನರಿಗೆ ಅವರು ಎಂದೂ ಕೇಳಿರದ 60 ಹಾಡುಗಳ ಚಿಕ್ಕ ತುಣುಕುಗಳನ್ನು ಕೇಳಿಸಿದರು. ಪ್ರತಿ ತುಣುಕಿನ ನಂತರ ಈ ಹಾಡಿಗೆ ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆ. ಬೇಡವೆಂದರೆ ಸೊನ್ನೆ, ಇಲ್ಲವೇ ಎರಡು ಡಾಲರ್‌ವರೆಗೆ ಕೂಗಬಹುದು, ಅದೂ ಸ್ವಂತ ಜೇಬಿನ ಹಣ. ಹೆಚ್ಚು ಬೆಲೆ ಕೂಗಿದ ಹಾಡುಗಳಲ್ಲಿ ಮೆದುಳಿನ ಸುಖದ ಕೇಂದ್ರಕ್ಕೂ ಕೇಳಿದ ನಾದವನ್ನೆಲ್ಲ ಕೂಡಿಡುವ ಶ್ರವಣ ಭಾಗಕ್ಕೂ ನಂಟು ಬಿಗಿಯಾಗಿತ್ತು. ಹೊಸ ಹಾಡಿನ ಬೆಲೆಯನ್ನು ಕಟ್ಟುವುದು ಹಳೆಯ ಹಾಡುಗಳ ದಾಸ್ತಾನು. ಯಾರ ಕಿವಿಯಲ್ಲಿ ಏನು ತುಂಬಿದೆಯೋ ಅದರಂತೆ ತೀರ್ಪು.

ಈಗ ಗೋಲ್ಡ್‌ಸ್ಟೀನ್ ಅವರ ಜಾಗದಲ್ಲಿ ನಿಂತು ನೋಡಿ. ವೃತ್ತಿಯ ವಿಮರ್ಶಕ ವಾರವಾರ ಹೊಸ ರೆಕಾರ್ಡು ಕೇಳುತ್ತಾನೆ, ಗಡುವಿನೊಳಗೆ ಬರೆದು ಮುಗಿಸುತ್ತಾನೆ. ಅಭಿಮಾನಿ ಒಂದೇ ರೆಕಾರ್ಡನ್ನು ಹಗಲೂ ರಾತ್ರಿ ತಿರುಗಿಸುತ್ತಾನೆ. ಒಂದು ನಾದ ಪದೇಪದೇ ಕಿವಿಗೆ ಬಿದ್ದಂತೆ ಹತ್ತಿರವಾಗುತ್ತದೆ. ಪಾಪ್ ಮತ್ತು ರಾಕ್ ಹಾಡುಗಳನ್ನೇ ಇಟ್ಟುಕೊಂಡು 2011ರಲ್ಲಿ ಪ್ರಕಟವಾದ ಒಂದು ಮೆದುಳಿನ ಅಧ್ಯಯನದಲ್ಲಿ, ಭಾವನೆಯ ಭಾಗಗಳನ್ನು ಹೆಚ್ಚು ಮಿಡಿಸಿದ್ದು ಹಾಡಿನ ಮೇಲಿನ ಇಷ್ಟವಲ್ಲ, ಪರಿಚಯ. ವಿಮರ್ಶಕನಿಗೆ ಆ ಪರಿಚಯ ಬೆಳೆಸಿಕೊಳ್ಳುವಷ್ಟು ಪುರಸೊತ್ತು ಸಿಗುವುದಿಲ್ಲ. ಗೋಲ್ಡ್‌ಸ್ಟೀನ್ ಅವರ ವಿಷಯದಲ್ಲಂತೂ ಇನ್ನೊಂದು ತೊಡಕಿತ್ತು. ಅವರ ಸ್ಟೀರಿಯೋದ ಒಂದು ಸ್ಪೀಕರ್ ಕೆಟ್ಟಿದ್ದು ಆಮೇಲೆ ತಿಳಿಯಿತು. ಆ ಕಾಲದ ಸ್ಟೀರಿಯೋ ಮುದ್ರಣದಲ್ಲಿ ಕೆಲವು ವಾದ್ಯಗಳನ್ನು ಪೂರ್ತಿ ಒಂದೇ ಬದಿಗೆ ಸರಿಸುತ್ತಿದ್ದರು. ಒಂದು ಸ್ಪೀಕರ್ ಮೌನವಾದರೆ ಹಾಡಿನ ಒಂದು ಭಾಗವೇ ಕಾಣೆ. ಇಷ್ಟಾದರೂ ಐವತ್ತು ವರ್ಷದ ನಂತರ, 2017ರಲ್ಲಿ, ಬರೆದದ್ದಕ್ಕೆ ತಮಗೆ ಪಶ್ಚಾತ್ತಾಪವಿಲ್ಲ ಎಂದೇ ಅವರು ಹೇಳಿದರು. ಆ ನಿಲುವು ನನಗೆ ಮೆಚ್ಚುಗೆ.

ಇಷ್ಟು ಕಿವಿಯ ಮಾತಾಯಿತು. ಕಿವಿಗೆ ರುಚಿಸಿದ್ದು ಬೇರೆಯಾದ ಮಾತ್ರಕ್ಕೆ ಯಾರೂ ಪತ್ರಿಕೆಗೆ ಬೆಂಕಿಯಂಥ ಕಾಗದ ಬರೆಯುವುದಿಲ್ಲ. ಅಲ್ಲಿಗೆ 'ನಾವು' ಎಂಬುದು ಬರಬೇಕು. ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ 1970ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು, ಹದಿನೈದರ ಶಾಲಾ ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿದರು. 'ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್‌ಸ್ಕಿ ಗುಂಪು' ಎಂದು ಹಂಚಿದರು. ಹುಡುಗರಿಗೆ ಗೊತ್ತಿರಲಿಲ್ಲ, ಹಂಚಿಕೆ ನಡೆದದ್ದು ಅವರ ಅಭಿರುಚಿ ನೋಡಿ ಅಲ್ಲ, ಮನಬಂದಂತೆ. ಮುಖ ನೋಡದ, ಹೆಸರು ತಿಳಿಯದ ಹುಡುಗರಿಗೆ ಪುಡಿಗಾಸು ಹಂಚುವಾಗಲೂ ಅವರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ತಮ್ಮವನಿಗೆ ಒಟ್ಟಿನಲ್ಲಿ ಕಡಿಮೆ ಸಿಕ್ಕರೂ ಪರವಾಗಿಲ್ಲ, ಆಚೆಯವನಿಗಿಂತ ಮೇಲಿರಲಿ ಎಂಬ ಹಂಚಿಕೆಗೂ ಒಲಿದರು. ಹೆಸರಿಗಷ್ಟೇ ಇದ್ದ ಅಭಿರುಚಿ ಹೀಗೆ ಪಾಳಯ ಕಟ್ಟಬಲ್ಲದಾದರೆ, ವರ್ಷಗಟ್ಟಲೆ ಗೋಡೆಗೆ ಪೋಸ್ಟರ್ ಅಂಟಿಸಿ, ಟಿಕೆಟ್ಟಿಗೆ ಕಾಸು ಕೂಡಿಟ್ಟು, ಗೆಳೆಯರ ಜೊತೆ ಕೂಗಿ ಹಾಡಿದವನ ಪಾಡು ಊಹಿಸಬಹುದು. 'ಈ ಹಾಡು ಚೆನ್ನಾಗಿಲ್ಲ' ಎಂದು ಬರೆದದ್ದು ಅವನಿಗೆ 'ನೀವೆಲ್ಲ ತಿಳಿಗೇಡಿಗಳು' ಎಂದು ಕೇಳಿಸುತ್ತದೆ.

ಬಲ್ಲವರ ಮಾತು ಮೆದುಳಿಗೆ ನಿಜಕ್ಕೂ ತಟ್ಟುತ್ತದೆ ಎಂಬುದಕ್ಕೂ ಆಧಾರವಿದೆ. 2010ರಲ್ಲಿ ಡೇನಿಯಲ್ ಕ್ಯಾಂಪ್‌ಬೆಲ್-ಮೈಕಲ್‌ಜಾನ್ ಮತ್ತು ಸಂಗಡಿಗರು ಜನರಿಂದ ಅವರು ಆಸೆಪಡುವ ಹಾಡುಗಳ ಪಟ್ಟಿ ಪಡೆದು, ಇಬ್ಬರು ಸಂಗೀತ ತಜ್ಞರ ಅಭಿಪ್ರಾಯವನ್ನು ಸ್ಕ್ಯಾನರ್ ಒಳಗೆ ತೋರಿಸಿದರು. ಆಸೆಪಟ್ಟ ಹಾಡು ಕೈಗೆ ಸಿಕ್ಕಾಗ ಮಿಡಿಯುವ ಮೆದುಳಿನ ಭಾಗವೇ, ತಜ್ಞರು ಆ ಆಯ್ಕೆಯನ್ನು ಒಪ್ಪಿದಾಗಲೂ ಮಿಡಿಯಿತು. ಒಪ್ಪಿಗೆ ಎಂಬುದು ಮೆದುಳಿಗೆ ಒಂದು ಬಹುಮಾನ. ತಜ್ಞ ಒಪ್ಪದಿದ್ದರೆ ಆ ಬಹುಮಾನ ತಪ್ಪಿತು.

ಅಭಿಮಾನಿಯ ನೋವನ್ನು ಇಷ್ಟು ಒಪ್ಪಿಕೊಂಡ ಮೇಲೂ ನಾನು ವಿಮರ್ಶಕನ ಪರವಾಗಿಯೇ ನಿಲ್ಲುತ್ತೇನೆ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಕಾರಣ. ಹೆಸರು ಕೇಳಿರದ ತಂಡಗಳ 48 ಹಾಡು, 14,000ಕ್ಕೂ ಹೆಚ್ಚು ಕೇಳುಗರು. ಕೆಲವರಿಗೆ ಬೇರೆಯವರು ಯಾವುದನ್ನು ಎಷ್ಟು ಡೌನ್‌ಲೋಡ್ ಮಾಡಿಕೊಂಡಿದ್ದಾರೆಂದು ತೋರಿಸಲಿಲ್ಲ. ಉಳಿದವರನ್ನು ಎಂಟು ಪ್ರತ್ಯೇಕ ಲೋಕಗಳಾಗಿ ಹಂಚಿ, ಅವರವರ ಲೋಕದ ಲೆಕ್ಕ ತೋರಿಸಿದರು. ಲೆಕ್ಕ ಕಂಡಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. ಆದರೆ ಒಂದು ಲೋಕದಲ್ಲಿ ಮೆರೆದ ಹಾಡು ಇನ್ನೊಂದರಲ್ಲೂ ಮೆರೆಯುತ್ತದೆಂಬ ಖಾತ್ರಿ ಇರಲಿಲ್ಲ. ತೀರಾ ಒಳ್ಳೆಯ ಹಾಡು ಬಿದ್ದದ್ದು, ತೀರಾ ಕೆಟ್ಟದ್ದು ಗೆದ್ದದ್ದು ಅಪರೂಪ. ನಡುವಿನದೆಲ್ಲ ಗಾಳಿ ಬಂದ ಕಡೆ. ನಮ್ಮದೇ ಎಂದು ನಾವು ಕಾದಾಡುವ ಅಭಿರುಚಿಯಲ್ಲಿ ಪಕ್ಕದವನ ಪಾಲು ಅಷ್ಟಿದೆ. ಎಲ್ಲರೂ ತಲೆದೂಗುವಾಗ ಒಬ್ಬರಾದರೂ ಕಾರಣ ಕೊಟ್ಟು ಬೇಡವೆಂದರೆ, ಕೇಳುಗ ತನಗೆ ನಿಜವಾಗಿ ಏನು ಇಷ್ಟವಾಯಿತೆಂದು ಹುಡುಕಬೇಕಾಗುತ್ತದೆ.

ವಿಮರ್ಶಕರು ಎಡವುವುದೂ ಉಂಟು. ಲೆಡ್ ಜೆಪ್ಲಿನ್ ತಂಡದ ಮೊದಲ ಆಲ್ಬಮ್ಮನ್ನು 1969ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಜರಿದಿತ್ತು, ಆ ತಂಡ ಅದನ್ನು ಬಹುಕಾಲ ಮರೆಯಲಿಲ್ಲ. ಅದೇ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಇದು 29ನೆಯ ಸ್ಥಾನದಲ್ಲಿತ್ತು. ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಕಂಡುಕೊಂಡಂತೆ, ಸುಮಾರು ಇಪ್ಪತ್ಮೂರು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಚಾಲ್ತಿಯಲ್ಲಿದ್ದ ಹಾಡುಗಳೇ ಜನರಿಗೆ ಕೊನೆಯವರೆಗೂ ಅತಿ ಪ್ರಿಯ. 1969ರಲ್ಲಿ ಆ ವಯಸ್ಸಿನಲ್ಲಿದ್ದವರು 2003ಕ್ಕೆ ಐವತ್ತು ದಾಟಿದ್ದರು, ಸಂಗೀತಲೋಕದ ಹಿರಿಯ ಕುರ್ಚಿಗಳಲ್ಲಿ ಅವರ ತಲೆಮಾರು ಕೂತಿತ್ತು. ತೀರ್ಪು ಬದಲಾದದ್ದರಲ್ಲಿ ಅವರ ಕಿವಿಯ ದಾಸ್ತಾನಿಗೂ ಪಾಲಿದೆ ಎಂದು ನನ್ನ ಎಣಿಕೆ.