ಎಚ್‌ಐವಿ ಇದ್ದವರ ಕೆಮ್ಮಿಗೆ ಎರಡು ವಾರದ ಗಡುವಿಲ್ಲ

ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ: ಜೈನಾಪುರದಂಥ ಹಳ್ಳಿಗಳಲ್ಲೂ ಎಲ್ಲರಿಗೂ ಗೊತ್ತಿರುವ ಸಲಹೆ ಇದು. ಎಚ್‌ಐವಿ ಸೋಂಕಿದ್ದವರಿಗೆ ಈ ಲೆಕ್ಕ ನಡೆಯದು. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಈ ನಾಲ್ಕರಲ್ಲಿ ಒಂದು ನಿನ್ನೆ ಶುರುವಾಗಿದ್ದರೂ ಕ್ಷಯದ ತಪಾಸಣೆ ಆಗಬೇಕು.

ಏಕೆ ಈ ಅವಸರ?

ಕ್ಷಯದ ಬ್ಯಾಕ್ಟೀರಿಯಾ ಎಷ್ಟೋ ಜನರ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಸುಮ್ಮನೆ ಅಡಗಿರುತ್ತದೆ. ಅದನ್ನು ಅಡಗಿಸಿಡಲು ರಕ್ತದಲ್ಲಿನ ಸಿಡಿ4 ಕಣಗಳು ಬೇಕು. ಎಚ್‌ಐವಿ ನಾಶ ಮಾಡುವುದು ಅವನ್ನೇ. ಸಿಡಿ4 ಎಷ್ಟಿದ್ದರೂ ಕ್ಷಯ ತಲೆಯೆತ್ತಬಹುದು. ಎಣಿಕೆ 200ಕ್ಕಿಂತ ಕೆಳಗಿಳಿದರೆ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾವೂ ಸೇರುತ್ತದೆ: ಒಣಕೆಮ್ಮು, ಜ್ವರ, ನಾಲ್ಕು ಹೆಜ್ಜೆ ನಡೆದರೆ ದಮ್ಮು. ಸಿಡಿ4 ಕಡಿಮೆ ಇದ್ದವರಿಗೆ ಕೋಟ್ರೈಮಾಕ್ಸಜೋಲ್ ಗುಳಿಗೆ ಕೊಡುವುದು ಇದನ್ನು ತಡೆಯಲೆಂದೇ.

ಕಫದಲ್ಲಿ ಕಾಣದಿದ್ದರೆ?

ಕ್ಷಯದಲ್ಲಿ ಶ್ವಾಸಕೋಶಕ್ಕೆ ತೂತು ಬೀಳುವುದು ಬಹುಮಟ್ಟಿಗೆ ದೇಹದ ಪ್ರತಿರೋಧದಿಂದಲೇ. ಪ್ರತಿರೋಧ ಕುಗ್ಗಿದಾಗ ತೂತು ಬೀಳದು, ಕಫಕ್ಕೆ ಬರುವ ಬ್ಯಾಕ್ಟೀರಿಯಾವೂ ಕಡಿಮೆ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಬ್ಯಾಕ್ಟೀರಿಯಾದ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಸುಮಾರು ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ. ರಿಫಾಂಪಿಸಿನ್ ಔಷಧಕ್ಕೆ ರೋಗ ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತದೆ.

ಎರಡೂ ಔಷಧ ಒಟ್ಟಿಗೆ

ಮೊದಲು ಕ್ಷಯದ ಗುಳಿಗೆ. ಎಚ್‌ಐವಿ ಔಷಧ ಇನ್ನೂ ಶುರುವಾಗಿರದಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಅದೂ ಆರಂಭ. ಮಿದುಳು ಪೊರೆಯ ಕ್ಷಯವಿದ್ದರೆ ಮಾತ್ರ ತಡ. ಪ್ರತಿರೋಧ ಮರಳುತ್ತಿದ್ದಂತೆ ಕೆಲವರಿಗೆ ಜ್ವರ, ಗಂಟು ಹೆಚ್ಚುತ್ತವೆ. ಔಷಧ ಒಗ್ಗಲಿಲ್ಲವೆಂದು ಬಿಡಬಾರದು, ವೈದ್ಯರಿಗೆ ತೋರಿಸಬೇಕು. ರಿಫಾಂಪಿಸಿನ್ ಎಚ್‌ಐವಿಯ ಡೊಲುಟೆಗ್ರಾವಿರ್ ಔಷಧವನ್ನು ದೇಹದಲ್ಲಿ ಬೇಗ ಕರಗಿಸುವುದರಿಂದ 12 ಗಂಟೆಯ ಅಂತರದಲ್ಲಿ ಇನ್ನೊಂದು 50 ಮಿಲಿಗ್ರಾಂ ಗುಳಿಗೆ ಬೇಕಾಗುತ್ತದೆ. ಆದ್ದರಿಂದ ಖಾಸಗಿ ದವಾಖಾನೆಯಲ್ಲಿ ಕ್ಷಯದ ಚಿಕಿತ್ಸೆ ಪಡೆಯುವವರು ಎರಡೂ ಔಷಧದ ವಿಷಯ ಮುಚ್ಚಿಡಬಾರದು.

ಕ್ಷಯ ಇಲ್ಲವೆಂದು ಖಚಿತವಾದವರಿಗೂ ಮುಂಜಾಗ್ರತೆಯ ಔಷಧವಿದೆ: ಆರು ತಿಂಗಳು ದಿನಾ ಐಸೋನಿಯಾಜಿಡ್, ಇಲ್ಲವೇ ವಾರಕ್ಕೊಮ್ಮೆಯಂತೆ 12 ವಾರ ಎರಡು ಔಷಧಗಳ ಜೋಡಿ. ಬೀಡಿ, ಸಿಗರೇಟು ಬಿಡುವುದೂ ಚಿಕಿತ್ಸೆಯ ಭಾಗವೇ. ಎಚ್‌ಐವಿ ಇದ್ದವರ ಶ್ವಾಸಕೋಶ ಹೊಗೆಗೆ ಬೇಗ ಸೋಲುತ್ತದೆ.

ಎಲ್ಲಿ ಹೋಗಬೇಕು?

ವಿಜಯಪುರ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದಲ್ಲಿ ಔಷಧ ಉಚಿತ. ಕಬ್ಬು ಕಡಿಯಲು, ಗೋವಾಕ್ಕೆ ದುಡಿಯಲು ಹೋಗುವವರು ಹೊರಡುವ ಮುಂಚೆ ಅಲ್ಲಿ ತಿಳಿಸಿದರೆ ಗುಳಿಗೆ ತಪ್ಪದಂತೆ ವ್ಯವಸ್ಥೆ ಮಾಡಿಕೊಳ್ಳಬಹುದು. ಗುಟ್ಟು ಹೊರಬೀಳುವ ಭಯಕ್ಕೆ ಕೆಮ್ಮನ್ನು ಬಚ್ಚಿಡಬೇಕಿಲ್ಲ: 2017ರ ಎಚ್‌ಐವಿ ಕಾಯ್ದೆ ರೋಗಿಯ ಮಾಹಿತಿಗೆ ರಕ್ಷಣೆ ಕೊಟ್ಟಿದೆ. ಉಚಿತ ಸಹಾಯವಾಣಿ 1097.