ರತ್ನಗಂಬಳಿಯ ಕೆಳಗಿನ ಗಾಳಿ

ದೆಹಲಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ಚಳಿಗಾಲದ ಮೊದಲ ಪೆಟ್ಟು ಬೀಳುವುದು ಪಾದಕ್ಕೆ. ಊರಿನ ಗಾರೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದವರು ಜನವರಿಯ ಬೆಳಗ್ಗೆ ಇಲ್ಲಿಯ ಅಮೃತಶಿಲೆ ಮುಟ್ಟಿದರೆ ಕೆಂಡ ತುಳಿದವರಂತೆ ಕಾಲೆತ್ತಿಬಿಡುತ್ತಾರೆ. ಆ ವಾರವೇ ಮನೆಗೆ ಕಾರ್ಪೆಟ್ ಬರುತ್ತದೆ. 'ಕೆಳಗೆ ಹಾಸಲು ಅಂಡರ್‌ಲೇ, ಅಂದರೆ ಒಳಹಾಸು, ಕೊಡಲೇ?' ಎಂದು ಅಂಗಡಿಯವರು ಕೇಳಿದಾಗ ಮಾತ್ರ ತಬ್ಬಿಬ್ಬಾಗುತ್ತೇವೆ.

ಅದು ಬೇಕೇ ಎಂಬುದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ. ರಾತ್ರಿಯಿಡೀ ತಣಿದ ಕೋಣೆಯಲ್ಲಿ ನೆಲ, ಮಂಚ, ಕಾರ್ಪೆಟ್ ಎಲ್ಲದರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ. 14 ಡಿಗ್ರಿ ಎಂದಿಟ್ಟುಕೊಳ್ಳಿ. ಆದರೂ ಕೊರೆಯುವುದು ಅಮೃತಶಿಲೆ ಮಾತ್ರ, ಏಕೆಂದರೆ ಅದು ಪಾದದ ಶಾಖವನ್ನು ಸೆಳೆದು ಸರಸರನೆ ಒಳಕ್ಕೆ ದಾಟಿಸುತ್ತದೆ. 30 ಡಿಗ್ರಿಯ ಪಾದ ಕಲ್ಲಿಗೆ ತಗಲಿದೊಡನೆ ಚರ್ಮದ ಮೇಲ್ಮೈ ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಉಣ್ಣೆಯ ಮೇಲಾದರೆ ಇದ್ದಲ್ಲೇ ಉಳಿಯುತ್ತದೆ ಎನ್ನಬಹುದು. ಅಲುಗದೆ ನಿಂತ ಗಾಳಿ ಸಾಗಿಸುವ ಶಾಖ ಅಮೃತಶಿಲೆ ಸಾಗಿಸುವುದರ ಸುಮಾರು ನೂರನೇ ಒಂದು ಪಾಲು. ಕಾರ್ಪೆಟ್ಟಿನ ಉಣ್ಣೆಯ ಎಳೆಗಳೂ ಒಳಹಾಸಿನ ಫೋಮಿನ ಗುಳ್ಳೆಗಳೂ ಈ ಗಾಳಿಯನ್ನೇ ಕಟ್ಟಿಹಾಕುತ್ತವೆ. ಒಳಹಾಸಿಗಾಗಿ ಕೊಡುವ ದುಡ್ಡು ಗಾಳಿಗೆ ಕೊಡುವ ದುಡ್ಡು!

ಹಾಗೆಂದು ಮೆತ್ತಗಿದ್ದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಹಗುರ ಫೋಮ್ ಓಡಾಟದ ಭಾರಕ್ಕೆ ಬೇಗನೆ ಚಪ್ಪಟೆಯಾಗುತ್ತದೆ. ಗಾಳಿ ಹೋದರೆ ಬಿಸುಪೂ ಹೋಯಿತು. ಮೇಲಾಗಿ ಒಳಹಾಸು ಕುಸಿದಾಗಲೆಲ್ಲ ಕಾರ್ಪೆಟ್ ಬಾಗಿ, ಅದರ ಬೆನ್ನಿನ ಪದರ ಸಡಿಲಾಗುತ್ತದೆ. ಮನೆಗೆ 6ರಿಂದ 10 ಮಿಲಿಮೀಟರ್ ದಪ್ಪದ, ಒತ್ತಾಗಿರುವ ಹಾಸು ಸಾಕು. ಹೆಬ್ಬೆರಳು, ತೋರುಬೆರಳ ನಡುವೆ ಹಿಚುಕಿ ನೋಡಿ: ಬೆರಳುಗಳು ಸುಲಭವಾಗಿ ಸೇರಿದಂತಾದರೆ ಬಿಟ್ಟುಬಿಡಿ.

ಫೋಮ್ ಬೇಡವೆಂದರೆ ಫೆಲ್ಟ್ ಇದೆ. ದೆಹಲಿಯಿಂದ ಸುಮಾರು 90 ಕಿಲೋಮೀಟರ್ ದೂರದ ಪಾಣಿಪತ್ ಇಂದು ಯುದ್ಧಕ್ಕಿಂತ ಹಳೆ ಬಟ್ಟೆಗೆ ಹೆಸರುವಾಸಿ. ಹೊರದೇಶದವರು ತೊಟ್ಟು ಬಿಟ್ಟ ಸ್ವೆಟರು, ಕೋಟುಗಳನ್ನು ಅಲ್ಲಿ ಹರಿದು ಮತ್ತೆ ನೂಲು ಮಾಡುತ್ತಾರೆ. ಇಂಥ ಎಳೆಗಳನ್ನು ನೇಯದೆ, ಸೂಜಿಗಳಿಂದ ಚುಚ್ಚಿ ಒತ್ತಾಗಿಸಿದರೆ ಫೆಲ್ಟ್ ಆಗುತ್ತದೆ. ಅದು ಬೇಗ ಕುಸಿಯದು. ಹೆಜ್ಜೆ ಸದ್ದನ್ನೂ ನುಂಗುವುದರಿಂದ ನೋಯ್ಡಾ, ಗುರುಗ್ರಾಮದ ಬಹುಮಹಡಿಗಳಲ್ಲಿ ಕೆಳಮನೆಯವರಿಗೂ ನೆಮ್ಮದಿ. ಆದರೆ ಉಣ್ಣೆ ಬೆರೆತಿದ್ದರೆ ನುಸಿಯ ಮರಿಹುಳುಗಳಿಗೆ ಅದೇ ಊಟ.

ಚಳಿಗಾಲದ ಗೆಳೆಯನಾದ ಒಳಹಾಸು ಜುಲೈನಲ್ಲಿ ತೇವ ಹಿಡಿದು ಮುಗ್ಗಲಾಗುತ್ತದೆ. ನೆಲಮಹಡಿಯವರು ಹಾಸುವ ಮೊದಲು ಬರಿ ನೆಲಕ್ಕೆ ಪ್ಲಾಸ್ಟಿಕ್ ಹಾಳೆಯೊಂದನ್ನು ಸುತ್ತಲೂ ಅಂಟಿಸಿ ಒಂದು ದಿನ ಬಿಡಲಿ. ಅಡಿಯಲ್ಲಿ ಹನಿ ಕಂಡರೆ ನೆಲವೇ ತೇವ ಉಗುಳುತ್ತಿದೆ ಎಂದರ್ಥ; ಅಂಥಲ್ಲಿ ಹಾಸಬೇಡಿ. ಉಳಿದವರು ಹೋಳಿಯ ಹೊತ್ತಿಗೆ ಕಾರ್ಪೆಟ್ಟನ್ನೂ ಒಳಹಾಸನ್ನೂ ಬಿಸಿಲಿಗೆ ಹಾಕಿ, ಸುತ್ತಿ ಎತ್ತಿಡುವುದು ಲೇಸು. ಅಂಗಡಿಯಲ್ಲಿ ರತ್ನಗಂಬಳಿಯ ಹೂಬಳ್ಳಿ ನೋಡುವಷ್ಟೇ ಹೊತ್ತು ಅದರಡಿಯ ಹಾಸನ್ನೂ ಹಿಚುಕಿ ನೋಡಿ.